ಒಡಹುಟ್ಟಿದವರ ಪಾಲು ಕೊಳ್ಳುವಾಗ ತೆರಿಗೆಯ ಲೆಕ್ಕ

ಪಿತ್ರಾರ್ಜಿತ ಮನೆ ಪಾಲಿಗೆ ಬಂದದ್ದಕ್ಕೆ ಭಾರತದಲ್ಲಿ ತೆರಿಗೆಯಿಲ್ಲ; ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಯಿತು. ಆದರೆ ವಾರಸುದಾರರಲ್ಲಿ ಒಬ್ಬರು ಹಣ ಪಡೆದು ಮತ್ತೊಬ್ಬರಿಗೆ ಪಾಲು ಬಿಟ್ಟುಕೊಟ್ಟರೆ, ಆದಾಯ ತೆರಿಗೆ ಇಲಾಖೆ ಅದನ್ನು ಮಾರಾಟದಂತೆಯೇ ಕಾಣುತ್ತದೆ. ಬಂಡವಾಳ ಲಾಭದ ತೆರಿಗೆ ಹಣ ಪಡೆದವರ ಹೊಣೆ. ತಂದೆ ಕೊಂಡ ಬೆಲೆಯೇ ಮೂಲ ಬೆಲೆ. ಮನೆ 2001ರ ಏಪ್ರಿಲ್ 1ಕ್ಕಿಂತ ಮೊದಲೇ ಕೊಂಡದ್ದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು. ಹಳೆಯ ಮನೆಗಳಲ್ಲಿ ಇದರಿಂದ ತೆರಿಗೆ ಎಷ್ಟೋ ಇಳಿಯುತ್ತದೆ. ಆದರೂ ಬಹಳ ಮಂದಿ ಇದನ್ನು ಕೇಳಿಯೇ ಇರುವುದಿಲ್ಲ.

ಕೊಳ್ಳುವವರಿಗೂ ಒಂದು ಹೊಣೆಯಿದೆ. ಮೊತ್ತ 50 ಲಕ್ಷ ರೂಪಾಯಿ ಮುಟ್ಟಿದರೆ ಶೇ 1ರಷ್ಟು ಟಿಡಿಎಸ್ ಹಿಡಿದು ಕಟ್ಟಬೇಕು. ಪಾಲು ಬಿಡುವ ಅಕ್ಕನೋ ತಮ್ಮನೋ ಅನಿವಾಸಿಯಾಗಿದ್ದರೆ ಈ 50 ಲಕ್ಷದ ಮಿತಿ ಅನ್ವಯಿಸದು, ಟಿಡಿಎಸ್ ದರವೂ ಹೆಚ್ಚು. ಅಂಥ ಕಡೆ ಲೆಕ್ಕಪರಿಶೋಧಕರನ್ನು ಕೇಳದೆ ಹಣ ಕೊಡಬಾರದು.

ಬಿಳಿ ಹಾಳೆಯ ಮೇಲಿನ ಒಪ್ಪಂದ ಸಾಲದು. ಹಕ್ಕು ಬಿಡುಗಡೆ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಬೇಕು.

ಇನ್ನು ವರ್ಷವರ್ಷದ ಆಸ್ತಿ ತೆರಿಗೆ. ಕರ್ನಾಟಕದಲ್ಲಿ ಅದು ಪಾಲಿಗೆ ಕೊಟ್ಟ ಹಣವನ್ನು ನೋಡಿ ನಿಗದಿಯಾಗುವುದಿಲ್ಲ. ಆದ್ದರಿಂದ ಖರೀದಿಯಿಂದಲೇ ಅದು ಏರದು. ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ಭಾಗಕ್ಕೆ ಮಾತ್ರ ಸ್ವಂತ ವಾಸಕ್ಕಿಂತ ಹೆಚ್ಚಿನ ದರವಿದೆ. ಹಳೆಯ ಬಾಕಿ ಮನೆಯ ಜೊತೆಗೇ ಬರುತ್ತದೆ; ಅದನ್ನು ಪಾಲಿನ ಮೊತ್ತದಲ್ಲಿ ಮೊದಲೇ ಕಳೆದುಕೊಳ್ಳುವುದು ಲೇಸು. ನೋಂದಣಿ ಮುಗಿದೊಡನೆ ಖಾತೆ ಬದಲಾವಣೆಗೆ ಅರ್ಜಿ ಹಾಕಬೇಕು.