ದ್ವೀಪಯಾನದಲ್ಲಿ ಕ್ಯಾಮೆರಾದ ಸಂರಕ್ಷಣೆ

ಅರಬ್ಬೀ ಸಮುದ್ರದಲ್ಲಿರುವ ಲಕ್ಷದ್ವೀಪವು ವಿಸ್ತೀರ್ಣದಲ್ಲಿ ನಮ್ಮ ದೇಶದ ಅತ್ಯಂತ ಚಿಕ್ಕ ಕೇಂದ್ರಾಡಳಿತ ಪ್ರದೇಶವಾಗಿದೆ. ಅದರ ಒಟ್ಟು ಭೂಭಾಗ ಕೇವಲ 32 ಚದರ ಕಿಲೋಮೀಟರುಗಳು. ಜನವಸತಿಯುಳ್ಳ ದ್ವೀಪಗಳು 10. ಕನ್ನಡಿಗರಿಗೆ ಈ ದ್ವೀಪಸಮೂಹ ತೀರ ಅಪರಿಚಿತವಾದುದಲ್ಲ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಮತ್ತು ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟಿದ್ದವು. ಅಲ್ಲಿನ ತೆಂಗಿನ ನಾರನ್ನು ಹೊತ್ತ ಹಾಯಿದೋಣಿಗಳು ಮಂಗಳೂರಿಗೆ ಬಂದು, ಅಕ್ಕಿಯನ್ನು ತುಂಬಿಕೊಂಡು ಹಿಂದಿರುಗುತ್ತಿದ್ದವು.

ಇಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ರಜಾದಿನಗಳಲ್ಲಿ ಸಮುದ್ರಯಾನ ಕೈಗೊಳ್ಳುವುದು ಹೆಚ್ಚುತ್ತಿದೆ. ಲಕ್ಷದ್ವೀಪಕ್ಕೆ ಹೋಗುವ ಹಡಗುಗಳು ಸಾಮಾನ್ಯವಾಗಿ ಕೊಚ್ಚಿಯಿಂದ ಹೊರಡುತ್ತವೆ. ಕಲ್ಪೇನಿ ಅಲ್ಲಿಂದ ಸುಮಾರು 290 ಕಿಲೋಮೀಟರ್, ಕವರತ್ತಿ ಸುಮಾರು 400 ಕಿಲೋಮೀಟರ್ ದೂರದಲ್ಲಿವೆ. ರಾತ್ರಿಯನ್ನು ಹಡಗಿನಲ್ಲಿ ಕಳೆದು, ಹಗಲಿನಲ್ಲಿ ದ್ವೀಪಕ್ಕಿಳಿದು, ಸಂಜೆ ಮರಳಿ ಹಡಗನ್ನೇರುವುದು ಇಂತಹ ವಿಹಾರಯಾನದ ಕ್ರಮ. ಇಂತಹ ಯಾನದಲ್ಲಿ ಕ್ಯಾಮೆರಾ ಕೆಟ್ಟರೆ ದುರಸ್ತಿ ಮಾಡಿಸುವ ಅವಕಾಶ ಮಾರ್ಗಮಧ್ಯದಲ್ಲಿ ದೊರೆಯುವುದಿಲ್ಲ. ಕ್ಯಾಮೆರಾವನ್ನಾದರೂ ಪುನಃ ಕೊಳ್ಳಬಹುದು. ವೃದ್ಧ ತಂದೆ-ತಾಯಿಯರು ಮೊದಲ ಬಾರಿಗೆ ಹವಳದ ದಂಡೆಯ ಮೇಲೆ ಕಾಲಿಟ್ಟ ಚಿತ್ರವನ್ನು ಪುನಃ ಕೊಳ್ಳಲಾಗದು. ಆದುದರಿಂದ ಉಪಕರಣದ ಸಂರಕ್ಷಣೆಯನ್ನು ಕುರಿತು ಹೊರಡುವ ಮೊದಲೇ ತಿಳಿದುಕೊಳ್ಳುವುದು ಉಚಿತ.

1. ಹಾನಿಯ ಕಾರಣಗಳು

ಕಡಲತೀರದಲ್ಲಿ ಕ್ಯಾಮೆರಾಕ್ಕೆ ಹಾನಿಯುಂಟುಮಾಡುವ ಮುಖ್ಯ ಕಾರಣಗಳು ನಾಲ್ಕು: ಉಪ್ಪು, ಮರಳು, ತೇವ ಮತ್ತು ಬಿಸಿಲು.

ಸಮುದ್ರದ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಉಪ್ಪುನೀರು ವಿದ್ಯುದ್ವಾಹಕ. ಅದು ಚಾಲನೆಯಲ್ಲಿರುವ ಕ್ಯಾಮೆರಾದ ಒಳಗೆ ಸೇರಿದರೆ ವಿದ್ಯುನ್ಮಂಡಲದಲ್ಲಿ ಅಡ್ಡಹರಿವು ಉಂಟಾಗಿ ಲೋಹದ ಸೂಕ್ಷ್ಮ ತಂತುಗಳು ಕ್ಷಣಮಾತ್ರದಲ್ಲಿ ಕೊರೆಯಲ್ಪಡುತ್ತವೆ. ಹೊರಮೈ ಮೇಲೆ ಬಿದ್ದ ಹನಿ ಆರಿದ ಮಾತ್ರಕ್ಕೆ ಅಪಾಯ ಮುಗಿಯುವುದಿಲ್ಲ. ಉಳಿದ ಉಪ್ಪಿನ ಹರಳು ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 75ನ್ನು ಮೀರಿದಾಗ ತೇವವನ್ನು ಹೀರಿಕೊಂಡು ಮತ್ತೆ ದ್ರವವಾಗುತ್ತದೆ. ಕರಾವಳಿಯ ಮನೆಗಳಲ್ಲಿ ಮಳೆಗಾಲದ ಉಪ್ಪಿನ ಭರಣಿ ಒದ್ದೆಯಾಗುವುದಕ್ಕೂ ಇದೇ ಕಾರಣ. ಹೀಗೆ ಪ್ರವಾಸ ಮುಗಿದು ತಿಂಗಳು ಕಳೆದ ಮೇಲೂ ತಿರುಪುಗಳಲ್ಲಿ, ಬ್ಯಾಟರಿಯ ಸಂಪರ್ಕ ತುದಿಗಳಲ್ಲಿ ತುಕ್ಕು ಬೆಳೆಯುತ್ತಲೇ ಇರುತ್ತದೆ.

ಮರಳಿನ ಸ್ವರೂಪ ಎಲ್ಲೆಡೆ ಒಂದೇ ಅಲ್ಲ. ಮುಖ್ಯಭೂಮಿಯ ಹೆಚ್ಚಿನ ತೀರಗಳ ಮರಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಕಾಠಿಣ್ಯದ ಮಾಪನದಲ್ಲಿ ಬೆಣಚುಕಲ್ಲು 7ನೆಯ ಸ್ಥಾನದಲ್ಲಿದ್ದು, ಲೆನ್ಸಿನ ಗಾಜಿಗಿಂತ ಗಟ್ಟಿಯಾದುದು. ಅದನ್ನು ಬಟ್ಟೆಯಿಂದ ಉಜ್ಜಿದರೆ ಗಾಜಿನ ಮೇಲೆ ಗೀರು ನಿಶ್ಚಿತ. ಲಕ್ಷದ್ವೀಪದ ಬಿಳಿಯ ಮರಳು ಹವಳ ಮತ್ತು ಚಿಪ್ಪುಗಳ ಚೂರು. ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಇದು ಗಾಜಿಗಿಂತ ಮೆದುವಾದರೂ ನಿರುಪದ್ರವಿಯಲ್ಲ. ಇದರ ನುಣುಪಾದ ಪುಡಿ ಲೆನ್ಸಿನ ಹೊರಳು ಬಳೆಗಳ ಸಂದಿಗೆ ಸೇರಿ ಚಲನೆಗೆ ತಡೆಯುಂಟುಮಾಡುತ್ತದೆ.

ತೇವದಿಂದಾಗುವ ತೊಂದರೆ ಎರಡು ಬಗೆಯದು. ಅದನ್ನು ಪ್ರತ್ಯೇಕವಾಗಿ ಮುಂದೆ ವಿವರಿಸಲಾಗಿದೆ. ಬಿಸಿಲಿನ ವಿಷಯದಲ್ಲಿ, ಕಪ್ಪು ಬಣ್ಣದ ಕ್ಯಾಮೆರಾವನ್ನು ಮರಳಿನ ಮೇಲೆ ಬಿಟ್ಟರೆ ಅದು ಬೇಗನೆ ಕಾದು ಬ್ಯಾಟರಿಯ ಆಯುಷ್ಯ ಕುಂದುತ್ತದೆ. ಲೆನ್ಸಿನ ಮುಚ್ಚಳ ತೆಗೆದು ಸೂರ್ಯಾಭಿಮುಖವಾಗಿ ಇಟ್ಟಲ್ಲಿ, ಗಾಜು ಭೂತಗನ್ನಡಿಯಂತೆ ವರ್ತಿಸಿ ಒಳಗಿನ ಸಂವೇದಕವನ್ನು ಸುಡುವ ಸಂಭವವೂ ಉಂಟು.

2. ಹೊರಡುವ ಮುನ್ನ

ದ್ವೀಪದಲ್ಲಿ ಲೆನ್ಸ್ ಬದಲಾಯಿಸದಿರುವುದೇ ಶ್ರೇಯಸ್ಕರ. ಆದ್ದರಿಂದ ಹತ್ತಿರದ ಹಾಗೂ ದೂರದ ದೃಶ್ಯಗಳೆರಡಕ್ಕೂ ಒದಗುವ ಒಂದೇ ಲೆನ್ಸನ್ನು ಹಡಗಿನ ಕೊಠಡಿಯಲ್ಲಿಯೇ ಜೋಡಿಸಿಕೊಂಡು ಇಳಿಯಬೇಕು. ಲೆನ್ಸಿನ ಮುಂದೆ ಪಾರದರ್ಶಕ ಫಿಲ್ಟರೊಂದನ್ನು ತೊಡಿಸಿದರೆ ಉಪ್ಪಿನ ತುಂತುರು ಅದರ ಮೇಲೆ ಬೀಳುತ್ತದೆಯೇ ಹೊರತು ಮೂಲ ಗಾಜಿನ ಮೇಲಲ್ಲ.

ಬಾಯಿಯನ್ನು ಕನಿಷ್ಠ ಮೂರು ಸುತ್ತು ಮಡಿಚಿ ಕೊಕ್ಕೆ ಹಾಕುವ ಜಲನಿರೋಧಕ ಚೀಲ ಅತ್ಯಂತ ಉಪಯುಕ್ತ. ಚೀಲದೊಳಗೆ ಸ್ವಲ್ಪ ಗಾಳಿ ಉಳಿಯುವಂತೆ ಮುಚ್ಚಿದರೆ ಅದು ನೀರಿಗೆ ಬಿದ್ದಾಗ ತೇಲುತ್ತದೆ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬೇಕು: ಕ್ಯಾಮೆರಾದ ಬದಲು ಒಣ ಕಾಗದ ಮತ್ತು ಅಷ್ಟೇ ತೂಕದ ವಸ್ತುವನ್ನು ಇರಿಸಿ, ಚೀಲವನ್ನು ಬಕೆಟ್ಟಿನ ನೀರಿನಲ್ಲಿ ಅರ್ಧ ಗಂಟೆ ಅದುಮಿ ಹಿಡಿದು, ಕಾಗದ ಒಣಗಿಯೇ ಇದೆಯೇ ಎಂದು ನೋಡಬೇಕು. ಮೊಬೈಲ್ ಫೋನಿಗೆ ತೊಡಿಸುವ ಪ್ಲಾಸ್ಟಿಕ್ ಕೋಶಗಳಿಗೂ ನೀರಿನೊಳಗೆ ಒಯ್ಯುವ ಕ್ಯಾಮೆರಾ ಕವಚಗಳಿಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ. ಕವಚದ ರಬ್ಬರ್ ಬಳೆಯ ಮೇಲೆ ಒಂದು ಕೂದಲೆಳೆ ಸಿಕ್ಕಿಕೊಂಡರೂ ನೀರಿಗೆ ದಾರಿಯಾಗುತ್ತದೆ.

ಫೋನುಗಳ ಮೇಲೆ ಮುದ್ರಿತವಾಗಿರುವ ಐಪಿ67, ಐಪಿ68 ಎಂಬ ಸಂಕೇತಗಳನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಕೊನೆಯ ಅಂಕಿ 7 ಇದ್ದರೆ, ಆ ಉಪಕರಣವು 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇದ್ದೂ ಕೆಡಲಿಲ್ಲವೆಂದು ಅರ್ಥ. ಈ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಹೊಸ ಉಪಕರಣದ ಮೇಲೆ. ಸಮುದ್ರದ ಅಲೆಯ ಹೊಡೆತಕ್ಕೂ ಹಳೆಯ ಫೋನಿನ ಸವೆದ ಅಂಚಿಗೂ ಅದು ಖಾತರಿಯಾಗಲಾರದು. ಕ್ಯಾಮೆರಾ ‘ಹವಾಮಾನ ನಿರೋಧಕ’ ಎಂದಾಗಲಂತೂ ಅದು ತುಂತುರನ್ನು ಸಹಿಸಬಲ್ಲುದೆಂದು ಮಾತ್ರ ಭಾವಿಸತಕ್ಕದ್ದು.

ಕ್ಯಾಮೆರಾ ಮತ್ತು ಲೆನ್ಸುಗಳ ಕ್ರಮಸಂಖ್ಯೆ, ಖರೀದಿಯ ರಸೀದಿ ಹಾಗೂ ಫೋನಿನ ಐಎಂಇಐ ಸಂಖ್ಯೆಯನ್ನು ಬರೆದು ಮನೆಯಲ್ಲಿ ಒಂದು ಪ್ರತಿ ಇಟ್ಟಿರಬೇಕು. ವಿಮಾನದಲ್ಲಿ ಕೊಚ್ಚಿಯವರೆಗೆ ಹೋಗುವವರು ಬಿಡಿ ಬ್ಯಾಟರಿಗಳನ್ನೂ ಪವರ್ ಬ್ಯಾಂಕನ್ನೂ ಕೈಚೀಲದಲ್ಲಿಯೇ ಒಯ್ಯಬೇಕು. ಸರಕಿನ ಪೆಟ್ಟಿಗೆಯಲ್ಲಿ ಇರಿಸಲು ಅವಕಾಶವಿಲ್ಲ. ಮುಂಬಯಿ ಅಥವಾ ಚೆನ್ನೈನಿಂದ ವಿದೇಶೀ ಬಂದರಿಗೆ ಹಡಗಿನಲ್ಲಿ ಹೋಗುವವರು ಬೆಲೆಬಾಳುವ ಉಪಕರಣಗಳಿಗೆ ಹೊರಡುವಾಗಲೇ ಸುಂಕ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಪಡೆದರೆ, ಹಿಂದಿರುಗುವಾಗ ಅವು ಹೊಸದಾಗಿ ಕೊಂಡವೆಂಬ ಸಂದೇಹಕ್ಕೆ ಎಡೆಯಿರುವುದಿಲ್ಲ.

3. ಹಡಗಿನಿಂದ ದೋಣಿಗೆ

ಹವಳದ ದಿಬ್ಬಗಳ ಕಾರಣ ದೊಡ್ಡ ಹಡಗುಗಳು ಅನೇಕ ದ್ವೀಪಗಳಲ್ಲಿ ದಡದವರೆಗೆ ಬರಲಾರವು. ಆಳವಾದ ನೀರಿನಲ್ಲಿ ಲಂಗರು ಹಾಕಿ, ಪ್ರಯಾಣಿಕರನ್ನು ಸಣ್ಣ ದೋಣಿಗಳಿಗೆ ಇಳಿಸಲಾಗುತ್ತದೆ. ಹಡಗು ಮತ್ತು ದೋಣಿ ಬೇರೆ ಬೇರೆ ಲಯದಲ್ಲಿ ಏರಿಳಿಯುವುದರಿಂದ ಇಡೀ ಯಾನದಲ್ಲಿ ಹೆಚ್ಚು ಎಚ್ಚರ ಬೇಕಾದ ಗಳಿಗೆ ಇದೇ.

ಈ ಸಂದರ್ಭದಲ್ಲಿ ಕ್ಯಾಮೆರಾ ಕೊರಳಿನಲ್ಲಿ ತೂಗಾಡುತ್ತಿರಬಾರದು, ಕೈಯಲ್ಲಂತೂ ಇರಲೇಬಾರದು. ಜಲನಿರೋಧಕ ಚೀಲವನ್ನು ಬೆನ್ನಿಗೆ ಹಾಕಿಕೊಂಡು, ಅದರ ಮೇಲಲ್ಲದೆ ಮೈಗೆ ಸರಿಯಾಗಿ ಜೀವರಕ್ಷಕ ಕವಚವನ್ನು ಮೊದಲು ಬಿಗಿದಿರಬೇಕು. ಎರಡೂ ಕೈಗಳು ಬಿಡುವಾಗಿದ್ದು, ಸಿಬ್ಬಂದಿಯ ಕೈಯನ್ನೋ ಕಂಬಿಯನ್ನೋ ಹಿಡಿಯಲು ಸಿದ್ಧವಾಗಿರಬೇಕು. ಚೀಲ ಭಾರವಾಗಿದ್ದರೆ ಸಿಬ್ಬಂದಿಗೆ ಮೊದಲು ಅದನ್ನು ದಾಟಿಸಿ ತರುವಾಯ ತಾವು ಇಳಿಯುವುದು ಲೇಸು. ಚೀಲ ನೀರಿಗೆ ಬಿದ್ದರೆ ಅದನ್ನು ಹಿಡಿಯಲು ಬಾಗುವುದು ಪ್ರಾಣಾಪಾಯಕ್ಕೆ ಎಡೆಮಾಡುತ್ತದೆ. ಹಡಗಿನ ಬದಿ ಮತ್ತು ದೋಣಿಯ ನಡುವೆ ಸಿಲುಕಿದ ಕೈಕಾಲು ಉಳಿಯುವುದು ಕಷ್ಟ. ಮಕ್ಕಳಿಗೂ ಇದನ್ನು ಮುಂಚಿತವಾಗಿ ತಿಳಿಸಿರಬೇಕು.

4. ದಂಡೆಯ ಮೇಲೆ

ಹವಾನಿಯಂತ್ರಿತ ಕೊಠಡಿಯಿಂದ ಹೊರಬಂದೊಡನೆ ಲೆನ್ಸ್ ಮಂಜಾಗುವುದನ್ನು ಹಲವರು ಕಂಡಿರಬಹುದು. ಹೊರಗಿನ ತಾಪ 31 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇಕಡಾ 75 ಇದ್ದರೆ, ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವುದೇ ವಸ್ತುವಿನ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಕೊಠಡಿಯಲ್ಲಿ 22 ಡಿಗ್ರಿಯಲ್ಲಿದ್ದ ಕ್ಯಾಮೆರಾ ಹೊರಗೆ ಬಂದಾಗ ಒಳಗೂ ಹೊರಗೂ ಬೆವರುವುದು ಸಹಜ. ಇದಕ್ಕೆ ಪರಿಹಾರ ಸುಲಭ: ಕೊಠಡಿಯಲ್ಲಿಯೇ ಕ್ಯಾಮೆರಾವನ್ನು ಚೀಲದಲ್ಲಿ ಭದ್ರವಾಗಿ ಮುಚ್ಚಿ, ಹೊರಗೆ ಬಂದ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ತೆರೆಯದಿರಬೇಕು. ದೋಣಿಯ ಪ್ರಯಾಣದ ಅವಧಿಯನ್ನು ಇದಕ್ಕೆ ಬಳಸಿಕೊಳ್ಳಬಹುದು.

ಚೀಲವನ್ನು ಮರಳಿನ ಮೇಲಿಡದೆ ತೆಂಗಿನ ನೆರಳಿನಲ್ಲಿ ಬೆಂಚಿನ ಮೇಲೆ ಅಥವಾ ಹಾಸಿದ ಬಟ್ಟೆಯ ಮೇಲೆ ಇಡಬೇಕು. ತೆಂಗಿನ ಮರದ ನೇರ ಕೆಳಗೆ ಮಾತ್ರ ಬೇಡ. ಕುಟುಂಬದವರೆಲ್ಲರೂ ಒಟ್ಟಿಗೆ ನೀರಿಗಿಳಿಯದೆ, ಸರದಿಯ ಮೇಲೆ ಒಬ್ಬರು ಸಾಮಾನುಗಳ ಬಳಿ ಉಳಿಯಬೇಕು. ಅಲೆಯ ಅಂಚಿನಲ್ಲಿ ಮಂಡಿಯೂರಿ ಚಿತ್ರ ತೆಗೆಯುವಾಗ ಬೆನ್ನನ್ನು ಎಂದಿಗೂ ಸಮುದ್ರದತ್ತ ತಿರುಗಿಸಬಾರದು.

ಉತ್ತಮ ಕೋನಕ್ಕಾಗಿ ಹವಳದ ಮೇಲೆ ನಿಲ್ಲುವುದು ಸಲ್ಲದು. ಹವಳ ಜೀವಂತ ಪ್ರಾಣಿಸಮುದಾಯ. ಅದರ ತುಂಡನ್ನು ಒಯ್ಯುವುದು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅನ್ವಯ ಅಪರಾಧ. ಕವರತ್ತಿ ಮತ್ತು ಮಿನಿಕಾಯ್‌ಗಳಲ್ಲಿ ನೌಕಾಪಡೆಯ ನೆಲೆಗಳಿವೆ. ರಕ್ಷಣಾ ಸ್ಥಾವರಗಳ ಚಿತ್ರ ತೆಗೆಯಬಾರದು. ಮಿನಿಕಾಯ್‌ನಲ್ಲಿ 1885ರಿಂದ ಬೆಳಗುತ್ತಿರುವ ದೀಪಸ್ತಂಭದಂತಹ ಸ್ಥಳಗಳಲ್ಲಿಯೂ ಅಲ್ಲಿನ ಸಿಬ್ಬಂದಿಯನ್ನು ಕೇಳಿಯೇ ಕ್ಯಾಮೆರಾ ಹೊರತೆಗೆಯುವುದು ಸೂಕ್ತ. ದ್ವೀಪವಾಸಿಗಳ, ವಿಶೇಷವಾಗಿ ಮಹಿಳೆಯರ, ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯುವುದು ಸೌಜನ್ಯವಲ್ಲ.

5. ಸಂಜೆಯ ಆರೈಕೆ

ಹಡಗಿಗೆ ಮರಳಿದ ಮೇಲೆ ಎಷ್ಟೇ ಆಯಾಸವಾಗಿದ್ದರೂ ಹದಿನೈದು ನಿಮಿಷವನ್ನು ಉಪಕರಣಕ್ಕಾಗಿ ಮೀಸಲಿಡಬೇಕು. ಮೊದಲು ರಬ್ಬರಿನ ಊದುಗೊಳವೆಯಿಂದ ಮರಳನ್ನು ಊದಿ ತೆಗೆಯಬೇಕು. ಎರಡನೆಯದಾಗಿ ಮೃದುವಾದ ಕುಂಚದಿಂದ ಸಂದಿಗಳನ್ನು ಗುಡಿಸಬೇಕು. ಅನಂತರ ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಹೊರಮೈಯ ಉಪ್ಪನ್ನು ಒರೆಸಿ, ಕೊನೆಗೆ ಒಣ ಬಟ್ಟೆಯಿಂದ ತೇವ ತೆಗೆಯಬೇಕು. ಈ ಅನುಕ್ರಮವನ್ನು ಬದಲಿಸಿ ಮೊದಲೇ ಉಜ್ಜಿದರೆ ಮರಳಿನಿಂದ ಗೀರು ಬೀಳುತ್ತದೆ. ಮುಕ್ಕಾಲಿಯ ಕಾಲುಗಳನ್ನೂ ನೀರಿನೊಳಗೆ ಬಳಸಿದ ಕವಚವನ್ನೂ ಸಿಹಿನೀರಿನಲ್ಲಿ ತೊಳೆಯಬೇಕು. ಕವಚವನ್ನು ತೆರೆಯುವುದು ತೊಳೆದು ಒರೆಸಿದ ಮೇಲೆಯೇ.

ಆ ದಿನದ ಚಿತ್ರಗಳನ್ನು ಅದೇ ರಾತ್ರಿ ಇನ್ನೊಂದು ಸಾಧನಕ್ಕೆ ಪ್ರತಿಮಾಡಿ, ಮೂಲ ಕಾರ್ಡನ್ನೂ ಪ್ರತಿಯನ್ನೂ ಬೇರೆ ಬೇರೆ ಚೀಲಗಳಲ್ಲಿ ಇರಿಸಬೇಕು. ಮರುದಿನ ಕ್ಯಾಮೆರಾವೇ ಕಳೆದುಹೋದರೂ ಹಿಂದಿನ ದಿನದ ನೆನಪುಗಳು ಉಳಿಯುತ್ತವೆ.

6. ನೀರು ಒಳಹೊಕ್ಕರೆ, ವಸ್ತು ಕಳೆದುಹೋದರೆ

ಕ್ಯಾಮೆರಾ ಸಮುದ್ರಕ್ಕೆ ಬಿದ್ದರೆ ‘ಕೆಲಸ ಮಾಡುತ್ತದೆಯೇ ನೋಡೋಣ’ ಎಂದು ಗುಂಡಿ ಒತ್ತುವುದು ಉಳಿದ ಆಸೆಯನ್ನೂ ಕಳೆದುಕೊಂಡಂತೆ. ತಕ್ಷಣ ಅದನ್ನು ಸ್ಥಗಿತಗೊಳಿಸಿ, ಬ್ಯಾಟರಿ ಮತ್ತು ಮೆಮೊರಿ ಕಾರ್ಡನ್ನು ಹೊರತೆಗೆಯಬೇಕು. ಉಪ್ಪುನೀರಿನಲ್ಲಿ ನೆನೆದ ಬ್ಯಾಟರಿಯನ್ನು ಮತ್ತೆ ಬಳಸಬಾರದು, ವಿದ್ಯುತ್ ತುಂಬಲೂಬಾರದು. ಅದು ಬೆಂಕಿಗೆ ಕಾರಣವಾಗಬಲ್ಲುದು. ಕಾರ್ಡನ್ನು ಸಿಹಿನೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಚೆನ್ನಾಗಿ ಆರಿಸಿದರೆ ಅದರಲ್ಲಿನ ಚಿತ್ರಗಳು ಅನೇಕ ವೇಳೆ ಸುರಕ್ಷಿತವಾಗಿರುತ್ತವೆ. ಕ್ಯಾಮೆರಾವನ್ನು ಅಕ್ಕಿಯಲ್ಲಿ ಹೂಳುವ ಪದ್ಧತಿಯಿಂದ ಪ್ರಯೋಜನವಿಲ್ಲ. ಅಕ್ಕಿ ಉಪ್ಪನ್ನು ತೆಗೆಯಲಾರದು. ಅದರ ಹಿಟ್ಟು ಸಂದಿಗಳಲ್ಲಿ ಸೇರುವುದೊಂದೇ ಫಲ.

ವಸ್ತು ಕಳವಾದರೆ ಹಡಗಿನ ಅಧಿಕಾರಿಗೂ ಸಮೀಪದ ಪೊಲೀಸ್ ಠಾಣೆಗೂ ಲಿಖಿತ ದೂರು ನೀಡಿ ಪ್ರತಿಯನ್ನು ಪಡೆಯಬೇಕು. ವಿಮೆಯ ಹಕ್ಕು ಸಾಧನೆಗೆ ಇದು ಅಗತ್ಯ. ಮೊಬೈಲ್ ಫೋನಾದಲ್ಲಿ, ಕೇಂದ್ರ ದೂರಸಂಪರ್ಕ ಇಲಾಖೆಯು 2023ರಲ್ಲಿ ಆರಂಭಿಸಿದ ‘ಸಂಚಾರ್ ಸಾಥಿ’ ಸೇವೆಯ ಮೂಲಕ ದೂರಿನ ಪ್ರತಿ ಮತ್ತು ಐಎಂಇಐ ಸಂಖ್ಯೆಯನ್ನು ಸಲ್ಲಿಸಿ, ಆ ಫೋನು ದೇಶದ ಯಾವುದೇ ಜಾಲದಲ್ಲಿ ಬಳಕೆಯಾಗದಂತೆ ತಡೆಯಬಹುದು.

7. ಮನೆಗೆ ಮರಳಿದ ಮೇಲೆ

ಆರ್ದ್ರತೆ ಶೇಕಡಾ 60ನ್ನು ಮೀರಿ ಬಹುಕಾಲ ಉಳಿದರೆ ಲೆನ್ಸಿನೊಳಗೆ ಬೂಷ್ಟು ಬೆಳೆಯುತ್ತದೆ. ಬೂಷ್ಟಿನ ಎಳೆಗಳು ಗಾಜಿನ ಲೇಪನವನ್ನೇ ತಿನ್ನುವುದರಿಂದ ತಡವಾಗಿ ಮಾಡಿದ ಶುಚಿ ಫಲ ನೀಡದು. ಮುಂಬಯಿ, ಚೆನ್ನೈಗಳಲ್ಲಿ ವಾಸಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಒದ್ದೆಯಾದ ಚರ್ಮದ ಚೀಲದಲ್ಲಿ ಕ್ಯಾಮೆರಾ ಇಡದೆ, ಗಾಳಿಯಾಡದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡಬೇಕು. ಬಣ್ಣ ಬದಲಿಸುವ ಜಾತಿಯ ಸಿಲಿಕಾ ಜೆಲ್ ತೇವ ಹೀರಿ ತುಂಬಿದಾಗ ಕಿತ್ತಳೆಯಿಂದ ಹಸಿರಿಗೆ ತಿರುಗುತ್ತದೆ. ಅದನ್ನು ಸುಮಾರು 110 ಡಿಗ್ರಿ ತಾಪದಲ್ಲಿ ಎರಡು ಗಂಟೆ ಕಾಯಿಸಿದರೆ ಪುನಃ ಬಳಕೆಗೆ ಬರುತ್ತದೆ. ಹದಿನೈದು ದಿನಗಳಿಗೊಮ್ಮೆ ಕ್ಯಾಮೆರಾವನ್ನು ಹೊರತೆಗೆದು ನಾಲ್ಕಾರು ಚಿತ್ರ ತೆಗೆಯುವುದೂ ಉತ್ತಮ ಅಭ್ಯಾಸ.

ಪ್ರಯಾಣಿಕರ ಜ್ಞಾಪಕ ಪಟ್ಟಿ

ಜಲನಿರೋಧಕ ಚೀಲ, ಲೆನ್ಸಿನ ಫಿಲ್ಟರ್, ಊದುಗೊಳವೆ, ಕುಂಚ ಮತ್ತು ಎರಡು ಹತ್ತಿಯ ಬಟ್ಟೆಗಳು, ಸಿಲಿಕಾ ಜೆಲ್, ಹೆಚ್ಚುವರಿ ಕಾರ್ಡ್, ಕ್ರಮಸಂಖ್ಯೆಗಳ ಪಟ್ಟಿ, ಸಿಹಿನೀರಿನ ಒಂದು ಸೀಸೆ. ಇಷ್ಟನ್ನು ಒಂದು ಸಣ್ಣ ಚೀಲದಲ್ಲಿ ಅಳವಡಿಸಬಹುದು. ದ್ವೀಪ ಪ್ರವೇಶದ ಅನುಮತಿಪತ್ರವನ್ನೂ ಗುರುತಿನ ಚೀಟಿಯನ್ನೂ ಅದೇ ಜಲನಿರೋಧಕ ಚೀಲದಲ್ಲಿ ಇರಿಸಿಕೊಂಡರೆ ಅವೂ ಒದ್ದೆಯಾಗದೆ ಉಳಿಯುತ್ತವೆ.