ಮನೆ ನೋಡುವ ಮೊದಲು ಸೊಸೈಟಿ ನೋಡು

ಮಗಳೇ,

ಮಾಟುಂಗಾದ ಫೈವ್ ಗಾರ್ಡನ್ಸ್ ಹತ್ತಿರ ಮಾರಾಟಕ್ಕಿರುವ ಫ್ಲ್ಯಾಟು ನಿನಗೂ ಅಳಿಯಂದಿರಿಗೂ ಮನಸ್ಸಿಗೆ ಬಂದಿದೆ ಎಂದು ನಿನ್ನ ಅಮ್ಮ ಹೇಳಿದಳು. ಮೂರು ಬೆಡ್‌ರೂಮು, ಎರಡು ಕಡೆಯಿಂದ ಗಾಳಿ, ದೊಡ್ಡ ಹಾಲು, ಕಿಟಕಿಯಾಚೆ ಮರಗಳು. ಮುಂಬಯಿಯಲ್ಲಿ ಇಷ್ಟು ವಿಶಾಲವಾದ ಮನೆ ಇಷ್ಟು ಶಾಂತವಾದ ಗಲ್ಲಿಯಲ್ಲಿ ಸಿಗುವುದು ಅಪರೂಪ. ಆಸೆಪಟ್ಟದ್ದರಲ್ಲಿ ತಪ್ಪೇನಿಲ್ಲ. ಆದರೆ ನಿಮ್ಮಿಬ್ಬರ ಇದುವರೆಗಿನ ಉಳಿತಾಯ, ಇನ್ನು ಮುಂದಿನ ಇಪ್ಪತ್ತು ವರ್ಷದ ದುಡಿಮೆ ಎರಡೂ ಇದಕ್ಕೆ ಹೋಗುತ್ತವೆ. ನಮ್ಮ ಕಟ್ಟಡದ ಸೊಸೈಟಿಗೆ ಬಹಳ ಕಾಲ ಸೆಕ್ರೆಟರಿಯಾಗಿದ್ದವನು ನಾನು. ಟೋಕನ್ ಕೊಡುವ ಮೊದಲು ನನ್ನ ನಾಲ್ಕು ಮಾತು ಕೇಳು.

ಬ್ರೋಕರ್ ನಿನಗೆ ಅಮೃತಶಿಲೆಯ ನೆಲ ತೋರಿಸುತ್ತಾನೆ, ಮಾಡ್ಯುಲರ್ ಕಿಚನ್ ತೋರಿಸುತ್ತಾನೆ. ಅವೆಲ್ಲ ಬದಲಾಯಿಸಬಹುದಾದ ವಸ್ತುಗಳು. ಬದಲಾಯಿಸಲಾಗದ್ದು ಸೊಸೈಟಿ. ಸಹಕಾರಿ ಸೊಸೈಟಿಯಲ್ಲಿ ನೆಲ ಮತ್ತು ಕಟ್ಟಡ ಸೊಸೈಟಿಯ ಹೆಸರಲ್ಲಿರುತ್ತವೆ, ಅಥವಾ ಇರಬೇಕು. ನೀನು ಅದರ ಶೇರುದಾರಳಾಗಿ, ಸದಸ್ಯಳಾಗಿ, ಆ ಫ್ಲ್ಯಾಟಿನಲ್ಲಿ ವಾಸಿಸುವ ಹಕ್ಕು ಪಡೆಯುತ್ತೀಯ. 50 ರೂಪಾಯಿ ಮುಖಬೆಲೆಯ ಕೆಲವೇ ಶೇರುಗಳ ಒಂದು ಹಾಳೆ ಕೋಟಿಗಟ್ಟಲೆ ಬೆಲೆಯ ಮನೆಗೆ ಆಧಾರ. ಇದೊಂದು ಕೂಡುಕುಟುಂಬಕ್ಕೆ ಸೇರಿದ ಹಾಗೆ: ಮನೆತನ ಹೇಗಿದೆ, ಸಾಲಸೋಲ ಎಷ್ಟಿದೆ, ಹಿರಿಯರು ಲೆಕ್ಕ ಸರಿಯಾಗಿ ಇಟ್ಟಿದ್ದಾರೆಯೇ ಎಂದು ಕೇಳದೆ ಒಳಗೆ ಕಾಲಿಡಬಾರದು.

ಮೊದಲು ನೆಲದ ಪ್ರಶ್ನೆ. 1896ರ ಪ್ಲೇಗಿನ ನಂತರ, 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದಾದರ್, ಮಾಟುಂಗಾ, ವಡಾಲಾಗಳ ಈ ಅಗಲ ರಸ್ತೆ, ಉದ್ಯಾನ, ಸಾಲುಮರಗಳ ಬಡಾವಣೆ ಅದು ಮಾಡಿದ ಯೋಜನೆ. ನಿನಗೆ ಹಿಡಿಸಿದ ಆ ಶಾಂತಿ ಅಲ್ಲಿಂದ ಬಂದದ್ದು. ಹಾಗೆಯೇ ಇಲ್ಲಿನ ಎಷ್ಟೋ ನಿವೇಶನಗಳು ಸ್ವಂತದ್ದಲ್ಲ, ಗುತ್ತಿಗೆಯವು. ಗುತ್ತಿಗೆ ಯಾರದ್ದು, ಎಷ್ಟು ವರ್ಷದ್ದು, ನವೀಕರಿಸಿದ್ದಾರೆಯೇ, ಮಾರಾಟಕ್ಕೆ ಗುತ್ತಿಗೆ ಕೊಟ್ಟವರ ಅನುಮತಿ ಬೇಕೇ ಎಂದು ಕೇಳು. ಪ್ರಾಪರ್ಟಿ ಕಾರ್ಡ್ ತೆಗೆಸಿ ಅದರಲ್ಲಿ ಸೊಸೈಟಿಯ ಹೆಸರು ಇದೆಯೇ ಎಂದು ಕಣ್ಣಾರೆ ನೋಡು. ಮಹಾರಾಷ್ಟ್ರದ 1963ರ ಓನರ್‌ಶಿಪ್ ಫ್ಲ್ಯಾಟ್ಸ್ ಕಾಯ್ದೆಯ ಪ್ರಕಾರ ಬಿಲ್ಡರ್ ನೆಲದ ಒಡೆತನವನ್ನು ಸೊಸೈಟಿಗೆ ಬರೆದುಕೊಡಲೇಬೇಕು, ಅದೇ ಕನ್ವೇಯನ್ಸ್. ಅನೇಕರು ಕೊಡದೆ ಕೈಕೊಟ್ಟರು. ಆದ್ದರಿಂದಲೇ 2008ರಲ್ಲಿ ‘ಡೀಮ್ಡ್ ಕನ್ವೇಯನ್ಸ್’ ಬಂತು. ಬಿಲ್ಡರ್ ಒಪ್ಪದಿದ್ದರೂ ಸೊಸೈಟಿ ಅರ್ಜಿ ಹಾಕಿ ಅದನ್ನು ಪಡೆಯಬಹುದು. ಕನ್ವೇಯನ್ಸ್ ಇಲ್ಲದ ಹಳೆಯ ಸೊಸೈಟಿ ಸಿಕ್ಕರೆ, ಇಷ್ಟು ವರ್ಷ ಸದಸ್ಯರು ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ಏಳಬೇಕು. ಉತ್ತರದಲ್ಲಿ ಆ ಕಟ್ಟಡದ ಜನರ ಗುಣ ಗೊತ್ತಾಗುತ್ತದೆ.

ಎರಡನೆಯದು ಲೆಕ್ಕಪತ್ರ. ಕಳೆದ ಮೂರು ವರ್ಷದ ಆಡಿಟ್ ವರದಿ, ವಾರ್ಷಿಕ ಸಭೆಯ ನಡಾವಳಿ ತೋರಿಸಲು ಮಾರುವವರಿಗೆ ಹೇಳು. ಅವರು ಸದಸ್ಯರು, ತರಿಸಿಕೊಡಬಲ್ಲರು. ಮಾದರಿ ಉಪವಿಧಿಗಳ ಪ್ರಕಾರ ಪ್ರತಿ ಫ್ಲ್ಯಾಟಿನ ನಿರ್ಮಾಣ ವೆಚ್ಚದ ಕನಿಷ್ಠ 0.25% ಪ್ರತಿವರ್ಷ ಮುಂದಿನ ದೊಡ್ಡ ಕೆಲಸಕ್ಕೆ ಕೂಡಿಡುವ ಸಿಂಕಿಂಗ್ ಫಂಡಿಗೆ, 0.75% ರಿಪೇರಿ ಫಂಡಿಗೆ ಹೋಗಬೇಕು. ‘ನಮ್ಮಲ್ಲಿ ಮೈಂಟೆನೆನ್ಸ್ ತುಂಬಾ ಕಡಿಮೆ’ ಎಂದು ಹೆಮ್ಮೆಪಡುವ ಸೊಸೈಟಿಯ ಫಂಡು ಹಲವು ಸಲ ಬರಿದಾಗಿರುತ್ತದೆ. ನೀನು ಒಳಗೆ ಹೋದ ಮರುವರ್ಷ ಹೊರಗೋಡೆ ರಿಪೇರಿಗೆಂದು ಲಕ್ಷಗಟ್ಟಲೆ ಬಿಲ್ಲು ಬಂದೀತು. ಕಟ್ಟಡಕ್ಕೆ 15ರಿಂದ 30 ವರ್ಷವಾಗಿದ್ದರೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದರೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು. ಆ ವರದಿಯನ್ನು ನಿನಗೆ ಗೊತ್ತಿರುವ ಇಂಜಿನಿಯರ್ ಕೈಯಲ್ಲಿ ಓದಿಸು. ಹೊಸ ಬಣ್ಣದ ಹಿಂದೆ ತುಕ್ಕು ಹಿಡಿದ ಸರಳು ಇದ್ದರೆ ಅವರಿಗೆ ತಿಳಿಯುತ್ತದೆ.

ಮೂರನೆಯದು ಮಾರುವವರ ಹಕ್ಕು. ಹಳೆಯ ದೊಡ್ಡ ಮನೆಗಳನ್ನು ಹೆಚ್ಚಾಗಿ ಮಾರುವವರು ಮಕ್ಕಳು, ಮೊಮ್ಮಕ್ಕಳು. ಒಬ್ಬರು ಪುಣೆಯಲ್ಲಿ, ಇನ್ನೊಬ್ಬರು ಅಮೆರಿಕದಲ್ಲಿ. ಸೊಸೈಟಿಯ ಪುಸ್ತಕದಲ್ಲಿ ನಾಮಿನಿ ಎಂದು ಹೆಸರಿದ್ದ ಮಾತ್ರಕ್ಕೆ ಅವರು ಒಡೆಯರಾಗುವುದಿಲ್ಲ. ಸೊಸೈಟಿ ಶೇರನ್ನು ನಾಮಿನಿಗೆ ವರ್ಗಾಯಿಸಬಹುದು, ಆದರೆ ವಾರಸುದಾರರ ಹಕ್ಕು ಹಾಗೆಯೇ ಉಳಿಯುತ್ತದೆ ಎಂಬುದು 2016ರಲ್ಲಿ ಸುಪ್ರೀಂ ಕೋರ್ಟಿನಿಂದಲೇ ಸ್ಪಷ್ಟವಾಗಿದೆ. ಎಲ್ಲ ವಾರಸುದಾರರ ಸಹಿ, ಅಥವಾ ನೋಂದಾಯಿತ ರಿಲೀಸ್ ಡೀಡ್ ಇಲ್ಲದೆ ಮುಂದುವರಿಯಬೇಡ. ಅವರಲ್ಲಿ ಒಬ್ಬರು ಹೊರದೇಶದ ನಿವಾಸಿಯಾಗಿದ್ದರೆ ಅವರ ಪಾಲಿನ ಹಣದಿಂದ ತೆರಿಗೆ ಮುರಿದು ಕಟ್ಟುವ ಹೊಣೆ ನಿನ್ನದು, ದರವೂ ಸಾಮಾನ್ಯ 1%ಕ್ಕಿಂತ ಬಹಳ ಹೆಚ್ಚು. ಮೊದಲೇ ಆಡಿಟರ್ ಹತ್ತಿರ ಕೇಳಿಕೋ.

ಖರ್ಚನ್ನೂ ಬರೆದಿಟ್ಟುಕೋ. ಮುಂಬಯಿಯಲ್ಲಿ ಸ್ಟ್ಯಾಂಪ್ ಡ್ಯೂಟಿ 5%, ಮೇಲೆ ಮೆಟ್ರೊ ಸೆಸ್ 1%. ಹೆಂಗಸಿನ ಹೆಸರಲ್ಲಿ ಮಾತ್ರ ಕೊಂಡರೆ 1% ರಿಯಾಯಿತಿ. ನೋಂದಣಿ ಶುಲ್ಕ 30,000 ರೂಪಾಯಿ ಮೀರುವುದಿಲ್ಲ. ಸೊಸೈಟಿ ಕೇಳಬಹುದಾದ ಟ್ರಾನ್ಸ್‌ಫರ್ ಪ್ರೀಮಿಯಮ್ಮಿಗೆ ನಗರಪಾಲಿಕೆ ಪ್ರದೇಶದಲ್ಲಿ 25,000 ರೂಪಾಯಿಯ ಮಿತಿಯಿದೆ. ‘ಡೊನೇಶನ್’ ಎಂದು ಅದಕ್ಕಿಂತ ಹೆಚ್ಚು ಕೇಳಿದರೆ ವಿನಯದಿಂದ ನಿಯಮ ತೋರಿಸು, ಕೊಡಬೇಡ. ಮಾರುವವರು ಒಂದಿಷ್ಟು ನಗದು ಬೇಕೆಂದರೆ ಮಾತನ್ನು ಅಲ್ಲಿಗೇ ನಿಲ್ಲಿಸು. 2015ರಿಂದ ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದು ಕಾನೂನಿಗೆ ವಿರುದ್ಧ. ಅದೂ ಅಲ್ಲದೆ, ಕಪ್ಪು ಹಣದಿಂದ ಗೃಹಪ್ರವೇಶ ನಮ್ಮ ಮನೆಯಲ್ಲಿ ಆಗಬಾರದು. ಕಾರು ನಿಲ್ಲಿಸುವ ಜಾಗವನ್ನು ಬೇರೆಯಾಗಿ ‘ಮಾರುತ್ತೇವೆ’ ಎಂದರೂ ಎಚ್ಚರ. ಸ್ಟಿಲ್ಟ್ ಪಾರ್ಕಿಂಗ್ ಬಿಲ್ಡರ್ ಮಾರುವ ಸ್ವತ್ತಲ್ಲ ಎಂದು 2010ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಜಾಗ ಹಂಚುವ ಅಧಿಕಾರ ಸೊಸೈಟಿಯದು.

ಶಾಂತಿಯ ಬಗ್ಗೆಯೂ ಒಂದು ಮಾತು. ಭಾನುವಾರ ಮಧ್ಯಾಹ್ನ ನೋಡಿ ‘ಎಷ್ಟು ನಿಶ್ಶಬ್ದ’ ಎಂದು ತೀರ್ಮಾನಿಸಬೇಡ. ಶಾಲೆ ಬಿಡುವ ಹೊತ್ತಿಗೆ ಹೋಗು, ರಾತ್ರಿ ಹತ್ತಕ್ಕೆ ಹೋಗು. ಕಿಂಗ್ಸ್ ಸರ್ಕಲ್ಲಿನ ಜಿ.ಎಸ್.ಬಿ. ಗಣಪತಿಗೆ ಜನ ಹರಿದುಬರುವ ದಿನಗಳಲ್ಲಿ ಸುತ್ತಲಿನ ರಸ್ತೆಗಳು ಹೇಗಿರುತ್ತವೆ ಎಂದು ವಿಚಾರಿಸು. ಎಲ್ಲಕ್ಕಿಂತ ಮುಖ್ಯವಾಗಿ ಜೋರು ಮಳೆಯಲ್ಲಿ ಹೋಗು. ಗಾಂಧಿ ಮಾರ್ಕೆಟ್, ಹಿಂದ್‌ಮಾತಾ ಕಡೆ ನೀರು ನಿಲ್ಲುವುದು ಊರಿಗೇ ಗೊತ್ತು. ನಿನ್ನ ಕಟ್ಟಡದ ಪಂಪು, ಮೀಟರ್ ರೂಮು, ಪಾರ್ಕಿಂಗು ಆ ನೀರಿನಿಂದ ಎಷ್ಟು ದೂರ ಎಂದು ವಾಚ್‌ಮನ್‌ನನ್ನು ಕೇಳಿದರೆ ಅವನು ನಿಜ ಹೇಳುತ್ತಾನೆ. ಅಕ್ಕಪಕ್ಕದ ಹಳೆಯ ಕಟ್ಟಡಗಳು ರಿಡೆವಲಪ್‌ಮೆಂಟಿಗೆ ಹೊರಟಿವೆಯೇ ಎಂದೂ ತಿಳಿದುಕೋ. 2019ರಿಂದ ಅದಕ್ಕೆ 51% ಸದಸ್ಯರು ಒಪ್ಪಿದರೆ ಸಾಕು. ಎದುರಿನ ಮೂರು ಅಂತಸ್ತಿನ ಕಟ್ಟಡ ಗೋಪುರವಾಗಿ ಎದ್ದರೆ ನಿನ್ನ ಕಿಟಕಿಯ ಮರವೂ ಬೆಳಕೂ ಈಗಿನಂತೆ ಉಳಿಯಲಿಕ್ಕಿಲ್ಲ.

ಇದೆಲ್ಲ ಕೊಳ್ಳುವ ಮುಂಚಿನ ಮಾತು. ಕೊಂಡ ಮೇಲಿನದು ಇನ್ನೂ ಮುಖ್ಯ. ಈ ಸಹಕಾರಿ ವಸತಿಯನ್ನು ಮುಂಬಯಿಗೆ ಕಲಿಸಿದವರಲ್ಲಿ ನಮ್ಮ ಕರಾವಳಿಯ ಜನ ಮೊದಲಿಗರು. ಕೆನರಾದಿಂದ ಆಫೀಸು ಕೆಲಸಕ್ಕೆ ಬಂದು, ಬಾಡಿಗೆ ಮನೆಗಳಲ್ಲಿ ಇಕ್ಕಟ್ಟುಪಟ್ಟ ಸಾರಸ್ವತರು ಶ್ರೀಪಾದ ಸುಬ್ರಾವ್ ತಾಲ್ಮಕಿಯವರ ಮುಂದಾಳ್ತನದಲ್ಲಿ 1915ರಲ್ಲಿ ಗಾಮ್‌ದೇವಿಯಲ್ಲಿ ಸಾರಸ್ವತ ಸಹಕಾರಿ ವಸತಿ ಸೊಸೈಟಿ ಕಟ್ಟಿದರು. ತಾಡದೇವದ ತಾಲ್ಮಕಿವಾಡಿ ಅವರ ಹೆಸರನ್ನೇ ಹೊತ್ತಿದೆ. ಒಬ್ಬೊಬ್ಬರಿಗೆ ಎಟುಕದ್ದನ್ನು ಹತ್ತು ಜನ ಸೇರಿ ಪಡೆದರು. ನಂಬಿಕೆ ಮತ್ತು ಚೊಕ್ಕ ಲೆಕ್ಕ ಅವರ ಬಂಡವಾಳ. ಈಗ ಕೋಟಿ ಬೆಲೆಯ ಮನೆಗಳಲ್ಲಿ ಇರುವವರಿಗೂ ಬೇಕಾದ ಬಂಡವಾಳ ಅದೇ.

ಆದ್ದರಿಂದ ದೊಡ್ಡ ಮನೆ ಕೊಂಡೆನೆಂದು ದೊಡ್ಡ ಹಕ್ಕು ಬಂತೆಂದುಕೊಳ್ಳಬೇಡ. ಒಂದೇ ರೂಮಿನವರಿಗೂ ನಿನಗೂ ಸಭೆಯಲ್ಲಿ ಒಂದೊಂದೇ ಮತ. ವಾಚ್‌ಮನ್, ಕಸ ಗುಡಿಸುವವರು, ಲಿಫ್ಟು ಇವುಗಳ ಖರ್ಚಿನಲ್ಲೂ ಎಲ್ಲರದು ಸಮಪಾಲು. ಮನೆ ಒಳಗೆ ಕೆಲಸ ಮಾಡಿಸುವಾಗ ಬೀಮು, ಕಂಬ ಮುಟ್ಟಿಸಬೇಡ. ಬಾತ್‌ರೂಮನ್ನು ಕೆಳಗಿನವರ ಅಡುಗೆಮನೆಯ ಮೇಲೆ ಸರಿಸಬೇಡ. ಸೊಸೈಟಿಗಳಲ್ಲಿ ವರ್ಷಗಟ್ಟಲೆ ಮಾತು ಬಿಟ್ಟವರ ಜಗಳ ಕೆದಕಿದರೆ ಬಹುಪಾಲು ಸೋರುವ ಪೈಪಿನಲ್ಲಿ ಶುರುವಾಗಿರುತ್ತದೆ. ನಿನ್ನ ಕಡೆಯಿಂದ ಸೋರಿದರೆ ಅವರು ಮೆಟ್ಟಿಲು ಹತ್ತಿ ಬರುವ ಮೊದಲು ನೀನು ಇಳಿದು ಹೋಗು.

ನಾಳೆ ಹೊಸ ಸದಸ್ಯರು ಬರಲು ಕೇಳಿದಾಗ ಅವರ ಜಾತಿ, ಧರ್ಮ, ತಟ್ಟೆಯಲ್ಲಿನ ಊಟ, ಮದುವೆಯಾಗಿದೆಯೇ ಇಲ್ಲವೇ ಎಂದು ಲೆಕ್ಕ ಹಾಕುವವರ ಜೊತೆ ಸೇರಬೇಡ. ತಕ್ಕ ಕಾರಣವಿಲ್ಲದೆ ಸದಸ್ಯತ್ವ ನಿರಾಕರಿಸುವಂತಿಲ್ಲ ಎಂದು ಕಾಯ್ದೆ ಹೇಳುತ್ತದೆ. ನಮ್ಮ ಹಿರಿಯರೂ ಈ ಊರಿಗೆ ಹೊರಗಿನವರಾಗಿಯೇ ಬಂದವರು ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಸೆಪ್ಟೆಂಬರ್ ಮುಗಿಯುವುದರೊಳಗೆ ವಾರ್ಷಿಕ ಸಭೆ ನಡೆಯುತ್ತದೆ. ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡ, ಲೆಕ್ಕ ಓದಿಕೊಂಡು ಹೋಗು. ಕಮಿಟಿಯಲ್ಲಿ ಹೆಂಗಸರಿಗೆ ಮೀಸಲು ಸ್ಥಾನವಿದೆ, ಚುನಾವಣೆ ಬಂದಾಗ ನಿಲ್ಲು. ನಿನ್ನಂಥ ಓದಿದವರು ‘ನಮಗೇಕೆ ಆ ರಾಜಕೀಯ’ ಎಂದು ಬಾಗಿಲು ಹಾಕಿಕೊಂಡರೆ ಕಟ್ಟಡ ಒಬ್ಬಿಬ್ಬರ ಕೈಗೆ ಹೋಗುತ್ತದೆ, ನಂತರ ಬಿಲ್ಡರ್ ಕೈಗೆ. ವರ್ಷಕ್ಕೆ ಕೆಲವು ಸಂಜೆ ಕೊಟ್ಟರೆ ನಿನ್ನ ಮನೆಯೂ ಉಳಿಯುತ್ತದೆ, ಮೇಲೆ ಕೆಳಗೆ ಇರುವ ಮುದುಕರ ಮನೆಯೂ ಉಳಿಯುತ್ತದೆ. ಆ ಹೊಣೆ ಹೊರಲು ಮನಸ್ಸಿದ್ದರೆ ಧೈರ್ಯವಾಗಿ ಕೊಳ್ಳು.

ಟೋಕನ್ ಕೊಡುವ ಮೊದಲು ಶೇರ್ ಸರ್ಟಿಫಿಕೇಟ್, ಪ್ರಾಪರ್ಟಿ ಕಾರ್ಡ್, ಆಡಿಟ್ ವರದಿ ಮೂರರ ಪ್ರತಿಯನ್ನೂ ತೆಗೆದುಕೊಂಡು ಬಾ. ಕೂತು ಒಂದೊಂದೇ ಪುಟ ಓದೋಣ.