ನೋಟಿಸಿಗೆ ಬೆದರಬೇಡಿ, ಫಾರ್ವರ್ಡಿಗೆ ಮರುಳಾಗಬೇಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಕಡೆಯವು. ವಕೀಲರ ನೋಟಿಸು, ಪೊಲೀಸರ ಹೆಸರಿನ ಕರೆ, ಯುದ್ಧದ ವಿಡಿಯೊ ಎಂದು ವಿಷಯ ಬೇರೆ ಬೇರೆ. ಕೇಳುವವರ ಗಾಬರಿ ಮಾತ್ರ ಒಂದೇ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಸರ್, ನಾನು ಗೌರಿಬಿದನೂರು ಬಳಿಯ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವವನು. ಪಕ್ಕದ ಇನ್ನೊಂದು ಕಾರ್ಖಾನೆಯಿಂದ ರಾತ್ರಿ ಹೊತ್ತು ಕೆಟ್ಟ ವಾಸನೆ ಬರುತ್ತದೆ. ಮೋರಿಯಲ್ಲಿ ನೊರೆ ನೀರು ಹರಿಯುತ್ತಿದ್ದದ್ದನ್ನು ವಿಡಿಯೊ ಮಾಡಿ, "ವಿಷ ಬಿಡ್ತಿದ್ದಾರೆ" ಅಂತ ಬರೆದು ಫೇಸ್‌ಬುಕ್ಕಿಗೆ ಹಾಕಿದೆ. ಬೆಂಗಳೂರಿನ ವಕೀಲರೊಬ್ಬರಿಂದ ಪೋಸ್ಟಿನಲ್ಲಿ ನೋಟಿಸು ಬಂದಿದೆ. ಏಳು ದಿನದೊಳಗೆ ತೆಗೆದು ಕ್ಷಮೆ ಕೇಳದಿದ್ದರೆ 50 ಲಕ್ಷ ಪರಿಹಾರ, ಜೈಲು ಅಂತ ಇದೆ. ಮನೆಯಲ್ಲಿ ಎಲ್ಲರೂ ಹೆದರಿದ್ದಾರೆ. ಏನು ಮಾಡಲಿ?
— ಕಾರ್ಮಿಕ, ಕುಡುಮಲಕುಂಟೆ

ಉತ್ತರ: ನಿಮ್ಮ ಕೈಯಲ್ಲಿರುವುದು ವಕೀಲರ ಪತ್ರ, ಕೋರ್ಟಿನ ಆದೇಶವಲ್ಲ. ಏಳು ದಿನ ಎಂಬ ಗಡುವನ್ನು ಹಾಕಿದವರು ಅವರೇ. ಅದು ಮುಗಿದ ಮರುದಿನ ನಿಮ್ಮನ್ನು ಯಾರೂ ಎಳೆದುಕೊಂಡು ಹೋಗುವುದಿಲ್ಲ.

ಮೊದಲು ಜೈಲಿನ ಮಾತು. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. ಗರಿಷ್ಠ ಶಿಕ್ಷೆ ಎರಡು ವರ್ಷದ ಸಾದಾ ಸಜೆ, ಇಲ್ಲವೇ ದಂಡ, ಇಲ್ಲವೇ ಸಮುದಾಯ ಸೇವೆ. ಇದರ ಮೇಲೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕುವಂತಿಲ್ಲ. ದೂರುದಾರರೇ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಮಿನಂತೆ, ಅಂಥ ದೂರನ್ನು ವಿಚಾರಣೆಗೆ ಎತ್ತಿಕೊಳ್ಳುವ ಮೊದಲು ನಿಮ್ಮ ಮಾತನ್ನೂ ಕೇಳಬೇಕು. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ ಮಾನಹಾನಿಯಲ್ಲ ಎಂಬುದು 356ನೇ ಕಲಮಿನ ಮೊದಲ ವಿನಾಯಿತಿ.

ಇನ್ನು ಆ 50 ಲಕ್ಷ. ನೋಟಿಸಿನಲ್ಲಿ ಎಷ್ಟು ಸೊನ್ನೆ ಬರೆದರೂ ಖರ್ಚಿಲ್ಲ. ದಾವೆ ಹೂಡುವಾಗ ಮಾತ್ರ ಕೇಳಿದ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀ ಕಟ್ಟಬೇಕು. ಅಂಕಿ ದೊಡ್ಡದಿರುವ ನೋಟಿಸುಗಳು ಬಹಳಷ್ಟು ಸಲ ನೋಟಿಸಿನಲ್ಲೇ ಮುಗಿಯುವುದಕ್ಕೆ ಇದೂ ಒಂದು ಕಾರಣ. ಗೆಲ್ಲುವುದಕ್ಕಲ್ಲ, ಬಾಯಿ ಮುಚ್ಚಿಸುವುದಕ್ಕೆ ಹೂಡುವ ಇಂಥ ದಾವೆಗಳ ಬಗ್ಗೆ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಮತ್ತು ಝೀ ಪ್ರಕರಣದಲ್ಲಿ ಎಚ್ಚರಿಸಿದೆ. ವಿಚಾರಣೆಗೆ ಮೊದಲೇ ಪ್ರಕಟಣೆಗೆ ತಡೆ ಕೊಡುವುದು ಅಪರೂಪವಾಗಿರಬೇಕು ಎಂದೂ ಹೇಳಿದೆ. ಆದರೂ ನಿಮ್ಮನ್ನು ಕೇಳದೆ ತಡೆಯಾಜ್ಞೆ ಪಡೆಯುವ ಪ್ರಯತ್ನ ನಡೆಯಬಹುದು. ಅದಕ್ಕೆ ಮದ್ದು ಕೇವಿಯಟ್. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಅಡಿ ಕೇವಿಯಟ್ ಹಾಕಿದರೆ 90 ದಿನಗಳವರೆಗೆ ನಿಮಗೆ ತಿಳಿಸದೆ ಆದೇಶ ಆಗುವುದಿಲ್ಲ. ದಾವೆ ಗೌರಿಬಿದನೂರಿನಲ್ಲಿ ಬರಬಹುದೋ ಬೆಂಗಳೂರಿನಲ್ಲೋ ಎಂದು ವಕೀಲರನ್ನು ಕೇಳಿ, ಎರಡೂ ಕಡೆ ಹಾಕುವುದು ಕ್ಷೇಮ.

ನಿಮ್ಮ ಕಡೆ ಬಲಹೀನವಾಗಿರುವ ಜಾಗವನ್ನೂ ಹೇಳಬೇಕು. ವಿಡಿಯೊದಲ್ಲಿ ಕಾಣುವುದು ನೊರೆ. ನೀವು ಬರೆದದ್ದು ವಿಷ. ನೊರೆಗೆ ನಿಮ್ಮ ಕಣ್ಣೇ ಸಾಕ್ಷಿ, ವಿಷಕ್ಕೆ ಪ್ರಯೋಗಾಲಯದ ವರದಿ ಬೇಕು. ಆದ್ದರಿಂದ ಆ ಬರಹವನ್ನು ತಿದ್ದಿ ದಿನಾಂಕ, ಸಮಯ, ಜಾಗ ಬರೆಯಿರಿ. ಮೂಲ ವಿಡಿಯೊವನ್ನು ಫೋನಿನಿಂದ ಅಳಿಸಬೇಡಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮಾಹಿತಿ ಹಕ್ಕಿನಡಿ ಆ ಘಟಕದ ತಪಾಸಣಾ ವರದಿ ಕೇಳಿ, 30 ದಿನದಲ್ಲಿ ಉತ್ತರ ಬರಬೇಕು. ನೋಟಿಸನ್ನು ಕಸದ ಬುಟ್ಟಿಗೂ ಹಾಕಬೇಡಿ, ವಕೀಲರ ಮೂಲಕ ಚಿಕ್ಕದಾಗಿ ಉತ್ತರ ಕೊಡಿ. ವಕೀಲರ ಫೀ ಚಿಂತೆಯಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಕೈಗಾರಿಕಾ ಕಾರ್ಮಿಕರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಉಚಿತ ನೆರವಿಗೆ ಅರ್ಹರು. ಸಹಾಯವಾಣಿ 15100.

ಪ್ರಶ್ನೆ: ನಮ್ಮ ತಂದೆ ರೇಷ್ಮೆ ರೀಲರು. ಅವರಿಗೆ ವಿಡಿಯೊ ಕರೆ ಬಂದು, "ನಿಮ್ಮ ಆಧಾರ್ ಮೇಲೆ ಹೋದ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಫೋನ್ ಇಡಬೇಡಿ" ಎಂದರಂತೆ. ಸಿಬಿಐ ಮುದ್ರೆ ಇರುವ ಕಾಗದವೂ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ದುಡ್ಡು ಕೊಟ್ಟಿಲ್ಲ. ಆದರೆ ಅಪ್ಪ ಈಗಲೂ ಮಾರ್ಕೆಟ್ಟಿಗೆ ಹೋಗಲು ಹೆದರುತ್ತಾರೆ. ಆ ಕಾಗದ ನಿಜವೇ?
— ಓದುಗರು, ಶಿಡ್ಲಘಟ್ಟ

ಉತ್ತರ: ಸುಳ್ಳು. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಪ್ರಧಾನಿಯವರೇ 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಇದನ್ನು ಹೇಳಿದರು.

ಬಂಧನಕ್ಕೆ ಬರುವ ಪೊಲೀಸರು ಸ್ಪಷ್ಟವಾಗಿ ಕಾಣುವಂತೆ ಹೆಸರಿನ ಪಟ್ಟಿ ಧರಿಸಿರಬೇಕು, ಬಂಧನದ ಮೆಮೊ ಬರೆಯಬೇಕು, ಅದಕ್ಕೆ ಸಾಕ್ಷಿಯ ರುಜು ಹಾಕಿಸಬೇಕು. ವಿಚಾರಣೆಗೆ ಕರೆಯುವುದಾದರೆ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಡಿ ನೋಟಿಸು ಕೊಡುತ್ತಾರೆ. ಅದನ್ನು ಪೊಲೀಸರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಹೀಗಿರುವಾಗ ಕರೆಯಲ್ಲೇ ಬಂಧಿಸಿ, ಕರೆಯಲ್ಲೇ ವಿಚಾರಿಸಿ, ಕರೆಯಲ್ಲೇ ದುಡ್ಡು ಕೇಳುವವರು ಯಾವ ಠಾಣೆಯವರು?

ಕರೆ ಬಂದ ನಂಬರು, ಆ ಕಾಗದದ ಚಿತ್ರ ಇಟ್ಟುಕೊಂಡು 1930ಕ್ಕೆ ಕರೆ ಮಾಡಿ ದೂರು ಕೊಡಿ. ದುಡ್ಡು ಹೋದವರಂತೂ ಒಂದು ನಿಮಿಷವೂ ತಡಮಾಡಬಾರದು. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆದರೆ ಉಳಿಯುತ್ತದೆ. ತಂದೆಯವರನ್ನು ಒಮ್ಮೆ ಠಾಣೆಗೆ ಕರೆದುಕೊಂಡು ಹೋಗಿ ದೂರಿಗೆ ಅವರಿಂದಲೇ ಸಹಿ ಹಾಕಿಸಿ. ಆರೋಪಿಯೆಂದು ಕುಗ್ಗಿದವರು ದೂರುದಾರರಾಗಿ ಹೊರಬಂದರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ.

ಪ್ರಶ್ನೆ: ಆಪರೇಷನ್ ಸಿಂಧೂರ ನಡೆದಾಗ ಕರಾಚಿ ಬಂದರು ಉರಿಯುತ್ತಿರುವ ವಿಡಿಯೊವನ್ನು ನಾನೂ ಹತ್ತಾರು ಜನಕ್ಕೆ ಕಳಿಸಿದ್ದೆ. ಆಮೇಲೆ ಸುಳ್ಳು ಎಂದು ಗೊತ್ತಾಯಿತು. ಟಿವಿಯಲ್ಲೇ ಬಂದದ್ದನ್ನು ನಂಬಿದ್ದು ತಪ್ಪೇ? ಅಷ್ಟಕ್ಕೂ ಶತ್ರುದೇಶದ ಬಗ್ಗೆ ಸುಳ್ಳು ಹಬ್ಬಿದರೆ ನಮಗೇನು ನಷ್ಟ?
— ಪದವಿ ವಿದ್ಯಾರ್ಥಿ, ಗೌರಿಬಿದನೂರು

ಉತ್ತರ: ನಂಬಿದ್ದು ತಪ್ಪಲ್ಲ, ನೋಡದೆ ದಾಟಿಸಿದ್ದು ತಪ್ಪು. 2025ರ ಮೇ 7ರಿಂದ 10ರವರೆಗೆ ಹರಿದಾಡಿದ ದೃಶ್ಯಗಳಲ್ಲಿ ಕೆಲವು ಗಾಜಾದವು, ಒಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಮಾನ ಬಿದ್ದಾಗಿನದು, ಇನ್ನು ಕೆಲವು ಆರ್ಮಾ 3 ಎಂಬ ವಿಡಿಯೊ ಗೇಮಿನವು. ಎಟಿಎಂಗಳು ಎರಡು ಮೂರು ದಿನ ಮುಚ್ಚಿರುತ್ತವೆ ಎಂಬ ಸಂದೇಶವೂ ಓಡಾಡಿತು. ಅದು ಸುಳ್ಳೆಂದು ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿ ಹೇಳಬೇಕಾಯಿತು. ಶತ್ರುವಿನ ಬಗೆಗಿನ ಸುಳ್ಳನ್ನು ಸಂತೋಷದಿಂದ ನಂಬಿದ ಮನಸ್ಸೇ ನಮ್ಮ ಬ್ಯಾಂಕಿನ ಬಗೆಗಿನ ಸುಳ್ಳನ್ನು ಗಾಬರಿಯಿಂದ ನಂಬಿತು. ನಷ್ಟ ಅಲ್ಲಿದೆ.

ಇದಕ್ಕಿಂತ ದೊಡ್ಡ ಪಾಠ ನಮ್ಮ ಬೆಂಗಳೂರಿನಲ್ಲೇ ಆಗಿದೆ. 2012ರ ಜುಲೈನಲ್ಲಿ ಅಸ್ಸಾಮಿನ ಕೊಕ್ರಜಾರ್‌ನಲ್ಲಿ ಹಿಂಸೆ ನಡೆಯಿತು. ಆಗಸ್ಟ್ ಮಧ್ಯದಲ್ಲಿ, ಅದರ ಸೇಡಿಗೆ ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗುತ್ತದೆ ಎಂಬ ಎಸ್‌ಎಂಎಸ್‌ಗಳು, ತಿರುಚಿದ ಚಿತ್ರಗಳು ಹಬ್ಬಿದವು. ಸೆಕ್ಯುರಿಟಿ ಗಾರ್ಡುಗಳು, ಹೋಟೆಲ್ ಮತ್ತು ಬ್ಯೂಟಿ ಪಾರ್ಲರ್ ಕೆಲಸದವರು, ವಿದ್ಯಾರ್ಥಿಗಳು ಸಾವಿರಗಟ್ಟಲೆ ರೈಲು ನಿಲ್ದಾಣ ತುಂಬಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರ ಹದಿನೈದು ದಿನಗಳ ಮಟ್ಟಿಗೆ ಒಟ್ಟೊಟ್ಟಿಗೆ ಕಳಿಸುವ ಎಸ್‌ಎಂಎಸ್‌ಗಳಿಗೆ ದಿನಕ್ಕೆ ಐದರ ಮಿತಿ ಹಾಕಿತು. ಚಿತ್ರಗಳಲ್ಲಿ ಬಹುಪಾಲು ಪಾಕಿಸ್ತಾನದಿಂದ ಬಂದವು ಎಂದು ಆಗಿನ ಕೇಂದ್ರ ಗೃಹ ಕಾರ್ಯದರ್ಶಿ ಆರೋಪಿಸಿದರು, ಪಾಕಿಸ್ತಾನ ಅಲ್ಲಗಳೆಯಿತು. ಯಾರೇ ಕಳಿಸಿರಲಿ, ಒಂದು ಗುಂಡೂ ಹಾರದೆ ಒಂದು ನಗರದಿಂದ ಜನ ಗುಳೆ ಎದ್ದರು. ಆ ಸಂದೇಶವನ್ನು ಮುಂದೆ ಕಳಿಸಿದವರಲ್ಲಿ ಅನೇಕರು ಗೆಳೆಯರ ಒಳಿತು ಬಯಸಿದವರೇ.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಬಲಿಯಾದರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡಿಗೆ ಐದರ ಮಿತಿ ತರುವುದಾಗಿ ಹೇಳಿತು.

ನಿಮ್ಮ ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದರು. ಯಾರೇ ಹೇಳಿರಲಿ, ಪರೀಕ್ಷಿಸದೆ ಒಪ್ಪಬಾರದು ಎಂಬುದು ಅವರ ಹಟ. ಟಿವಿಯವರ ಪವಾಡಕ್ಕೂ ಅದನ್ನೇ ಅನ್ವಯಿಸಿ. ಎಲ್ಲಿ, ಯಾವಾಗ, ಯಾರು ತೆಗೆದದ್ದು ಎಂಬ ಮೂರಕ್ಕೂ ಉತ್ತರ ಇಲ್ಲದ ದೃಶ್ಯ ನಿಮ್ಮ ಫೋನಿನಲ್ಲೇ ನಿಲ್ಲಲಿ.

ಪ್ರಶ್ನೆ: ಇಂಟರ್ನೆಟ್ ಯುದ್ಧ ಎನ್ನುತ್ತಾರೆ. ಅದು ಬರೀ ಸುಳ್ಳು ಸುದ್ದಿಯಷ್ಟೇ ಅಲ್ಲವೇ? ನಮ್ಮಂಥ ಊರಿಗೆ ಅದು ಹೇಗೆ ತಟ್ಟೀತು?
— ನಿವೃತ್ತ ಶಿಕ್ಷಕರು, ಗೌರಿಬಿದನೂರು

ಉತ್ತರ: ಮೇಷ್ಟ್ರೇ, ಯುದ್ಧತಂತ್ರಕ್ಕೂ ನಿಮ್ಮ ಊರಿಗೂ ನಂಟು ಹಳೆಯದು. ದೂರದ ದೇಶಗಳ ಭೂಗತ ಅಣುಸ್ಫೋಟಗಳ ಕಂಪನ ಹಿಡಿಯಲು ಭಾಭಾ ಅಣು ಸಂಶೋಧನಾ ಕೇಂದ್ರ 1960ರ ದಶಕದಲ್ಲೇ ಗೌರಿಬಿದನೂರಿನಲ್ಲಿ ಭೂಕಂಪಮಾಪಕಗಳ ಜಾಲ ಹಾಕಿದೆ.

ಈಗಿನ ಆಯುಧಕ್ಕೆ ಕಂಪನವೂ ಇಲ್ಲ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಇರಾನಿನ ನತಾಂಜ್ ಘಟಕದಲ್ಲಿ ಯುರೇನಿಯಂ ಸಂಸ್ಕರಿಸುವ ಯಂತ್ರಗಳನ್ನು ಕೆಡಿಸಿತು. ಇಂಟರ್ನೆಟ್ ಸಂಪರ್ಕವಿಲ್ಲದ ಯಂತ್ರಗಳಿಗೂ ಅದು ಪೆನ್‌ಡ್ರೈವ್ ಮೂಲಕ ದಾಟಬಲ್ಲದಾಗಿತ್ತು. 2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನೊಳಗೆ ನುಗ್ಗುವ ಹೊತ್ತಿಗೆ ವಯಾಸ್ಯಾಟ್ ಕಂಪನಿಯ ಉಪಗ್ರಹ ಜಾಲದ ಮೋಡೆಮ್‌ಗಳು ಸೈಬರ್ ದಾಳಿಗೆ ಸತ್ತವು. ಪೆಟ್ಟು ಉಕ್ರೇನಿಗೆಂದು ಕೊಟ್ಟದ್ದು, ಆದರೆ ಜರ್ಮನಿಯ ಸುಮಾರು 5,800 ಗಾಳಿಯಂತ್ರಗಳ ದೂರಸಂಪರ್ಕವೂ ತಪ್ಪಿತು. ನಮ್ಮಲ್ಲೂ 2019ರಲ್ಲಿ ಕೂಡಂಕುಳಂ ಅಣುಸ್ಥಾವರದ ಆಡಳಿತ ಜಾಲದ ಕಂಪ್ಯೂಟರಿನಲ್ಲಿ ಕುತಂತ್ರಾಂಶ ಸಿಕ್ಕಿತು. ಸ್ಥಾವರದ ನಿಯಂತ್ರಣ ವ್ಯವಸ್ಥೆಗೆ ಅದು ತಟ್ಟಿಲ್ಲ ಎಂದು ಅಣುಶಕ್ತಿ ನಿಗಮ ತಿಳಿಸಿತು.

ಸ್ಟಕ್ಸ್‌ನೆಟ್ ಗುರಿಯಿಟ್ಟದ್ದು ಯಂತ್ರಗಳನ್ನು ಓಡಿಸುವ ಪಿಎಲ್‌ಸಿ ಎಂಬ ಪೆಟ್ಟಿಗೆಗಳ ಮೇಲೆ. ಆ ಬಗೆಯ ಪೆಟ್ಟಿಗೆಗಳು ಇಂದು ಸಾಮಾನ್ಯ ಕಾರ್ಖಾನೆಗಳಲ್ಲೂ ಇವೆ. ಆದ್ದರಿಂದ ಕಾರ್ಖಾನೆಯಲ್ಲಿರುವ ನಿಮ್ಮ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳಿ. ಎಲ್ಲೋ ಬಿದ್ದಿದ್ದ ಪೆನ್‌ಡ್ರೈವ್ ಅನ್ನು ಯಂತ್ರದ ಕಂಪ್ಯೂಟರಿಗೆ ಸಿಕ್ಕಿಸಬಾರದು. ಆ ಕಂಪ್ಯೂಟರಿನಿಂದ ಫೋನ್ ಚಾರ್ಜ್ ಕೂಡ ಮಾಡಬಾರದು.

ಪ್ರಶ್ನೆ: ನಾನು ಊರಿನ ವಾಟ್ಸ್‌ಆ್ಯಪ್ ಗ್ರೂಪಿನ ಅಡ್ಮಿನ್. ಯಾರೋ ಹಾಕಿದ ಪೋಸ್ಟಿಗೆ "66ಎ ಹಾಕಿಸಿ ನಿನ್ನನ್ನೇ ಒಳಗೆ ಕಳಿಸುತ್ತೇನೆ" ಎಂದು ಒಬ್ಬರು ಹೆದರಿಸುತ್ತಿದ್ದಾರೆ.
— ಓದುಗರು, ಚಿಂತಾಮಣಿ

ಉತ್ತರ: ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮು ಸತ್ತು ಹೋಗಿದೆ. ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಅದನ್ನು ರದ್ದು ಮಾಡಿತು. ಆದರೂ ಕೇಸು ಹಾಕುವುದು ನಿಲ್ಲದ್ದರಿಂದ, ಅದರಡಿ ಯಾರನ್ನೂ ವಿಚಾರಣೆಗೆ ಗುರಿಪಡಿಸಬಾರದೆಂದು 2022ರ ಅಕ್ಟೋಬರ್‌ನಲ್ಲಿ ಮತ್ತೆ ಹೇಳಿತು. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ತಾನಾಗಿಯೇ ಹೊಣೆಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಆದರೆ ದ್ವೇಷ ಹಬ್ಬಿಸುವ ಪೋಸ್ಟಿಗೆ ನೀವೂ ಕೈಜೋಡಿಸಿದ್ದರೆ ನ್ಯಾಯ ಸಂಹಿತೆಯ 196 ಮತ್ತು 353ನೇ ಕಲಮುಗಳಿವೆ, ಅವುಗಳಲ್ಲಿ ಮೂರು ವರ್ಷದವರೆಗೂ ಸಜೆಯಾಗಬಹುದು. ಅಂಥ ಪೋಸ್ಟನ್ನು ಅಳಿಸಿ, ಹಾಕಿದವರನ್ನು ತೆಗೆಯಿರಿ.

ಪ್ರಶ್ನೆ: ಯುದ್ಧದ ಸಮಯದಲ್ಲಿ ಸರ್ಕಾರ ಖಾತೆಗಳನ್ನು ಮುಚ್ಚಿಸುವುದು ಸರಿಯಲ್ಲವೇ? ಸುಳ್ಳು ತಡೆಯಲು ಬೇರೆ ದಾರಿ ಏನಿದೆ?
— ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಒಂದಷ್ಟು ತಡೆ ಬೇಕೇ ಬೇಕು. 2008ರ ಮುಂಬೈ ದಾಳಿಯ ನೇರ ಪ್ರಸಾರವನ್ನು ಗಡಿಯಾಚೆ ಕುಳಿತು ನೋಡುತ್ತಿದ್ದವರು ದಾಳಿಕೋರರಿಗೆ ಸೂಚನೆ ಕೊಟ್ಟರು. ಕಸಬ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಟಿವಿ ವಾಹಿನಿಗಳನ್ನು ತರಾಟೆಗೆ ತೆಗೆದುಕೊಂಡಿತು. ಸೇನೆಯ ಚಲನವಲನ ತೋರಿಸುವ ಹಕ್ಕು ಯಾರಿಗೂ ಬೇಡ.

ನನ್ನ ತಕರಾರು ಇರುವುದು ಗುಟ್ಟಿನ ಬಗ್ಗೆ. 2025ರ ಮೇ 8ರಂದು, ಎಂಟು ಸಾವಿರಕ್ಕೂ ಹೆಚ್ಚು ಖಾತೆಗಳನ್ನು ಭಾರತದಲ್ಲಿ ತಡೆಯಲು ತನಗೆ ಆದೇಶ ಬಂದಿದೆ ಎಂದು ಎಕ್ಸ್ (ಹಿಂದಿನ ಟ್ವಿಟರ್) ಹೇಳಿತು. ಹೆಚ್ಚಿನವುಗಳಿಗೆ ಯಾವ ಬರಹಕ್ಕಾಗಿ ಎಂಬ ವಿವರವೇ ಇರಲಿಲ್ಲ ಎಂದೂ ದೂರಿತು. ಈ ಕಂಪನಿಯ ವಾದಗಳನ್ನು ನಮ್ಮ ಹೈಕೋರ್ಟ್ 2023ರ ಜೂನ್‌ನಲ್ಲಿ 50 ಲಕ್ಷ ರೂಪಾಯಿ ದಂಡದೊಂದಿಗೆ, 2025ರ ಸೆಪ್ಟೆಂಬರ್‌ನಲ್ಲಿ ಬರಹ ತೆಗೆಸುವ ಸೂಚನೆ ಕಳಿಸಲು ಸರ್ಕಾರ ಬಳಸುವ ಸಹಯೋಗ್ ಪೋರ್ಟಲ್ ವಿಚಾರವಾಗಿ, ಎರಡು ಸಲ ತಳ್ಳಿಹಾಕಿದೆ. ಕಂಪನಿಯ ಸೋಲು ಬೇರೆ, ಖಾತೆ ಕಳೆದುಕೊಂಡ ನಾಗರಿಕನ ಪ್ರಶ್ನೆ ಬೇರೆ. ಅವನಿಗೆ ಕಾರಣ ತಿಳಿಸಬೇಕು, ಮೇಲ್ಮನವಿಗೆ ದಾರಿ ಇರಬೇಕು.

ಗುಟ್ಟಿನ ತಡೆ ಏಕೆ ಅಪಾಯ ಎಂಬುದಕ್ಕೆ ಹತ್ತಿರದ ಉದಾಹರಣೆಯೇ ಇದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ನಿಷೇಧಾಜ್ಞೆ ಇತ್ತು. ಧ್ವಜ ಹಿಡಿದು ಸೇರಿದ ಜನರ ಮೇಲೆ ಮೈಸೂರು ಸರ್ಕಾರದ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದಕ್ಕೆ ಸರ್ಕಾರದ ಲೆಕ್ಕವೇ ಬೇರೆ, ಜನರ ಲೆಕ್ಕವೇ ಬೇರೆ ಆಯಿತು. ಸರ್ಕಾರದ ಲೆಕ್ಕ ಮಾತ್ರ ಪ್ರಕಟವಾಗುವ ವ್ಯವಸ್ಥೆ ಆಗ ಗಟ್ಟಿಯಾಗಿದ್ದಿದ್ದರೆ ಎರಡನೆಯ ಲೆಕ್ಕ ನಮಗೆ ತಲುಪುತ್ತಲೇ ಇರಲಿಲ್ಲ. ಆದ್ದರಿಂದ ಸುಳ್ಳಿಗೆ ತಡೆ ಇರಲಿ, ತಡೆಯುವವರೂ ರುಜು ಹಾಕಿ ತಡೆಯಲಿ.

ಎಲ್ಲ ಓದುಗರಿಗೂ ನನ್ನ ಸಲಹೆ ಇಷ್ಟೇ. ಬಂದದ್ದು ನೋಟಿಸಾಗಲಿ, ಕರೆಯಾಗಲಿ, ವಿಡಿಯೊವಾಗಲಿ, ಕಳಿಸಿದವರ ಹೆಸರು, ವಿಳಾಸ, ಅಧಿಕಾರ ಕೇಳಿ. ಅವು ಇದ್ದರೆ ಲಿಖಿತ ಉತ್ತರ ಕೊಡಿ. ಇಲ್ಲದಿದ್ದರೆ ಹೆದರಲೂ ಬೇಡಿ, ಹಂಚಲೂ ಬೇಡಿ.